ಬರಿಗೈ ಪೂಜೆಯ ದಿನಗಳು

ನನ್ನ ಕುತ್ತಿಗೆಯ ಗಂಟನ್ನು ಮೊದಲು ಕಂಡುಹಿಡಿದವರು ನಮ್ಮ ಅತ್ತೆ. 2011ರ ಮಳೆಗಾಲ ಮುಗಿಯುತ್ತ ಬಂದಿತ್ತು. ಡೊಂಬಿವಲಿ ಪೂರ್ವದ ನಮ್ಮ ಮನೆಯ ಅಡುಗೆಮನೆ ಬಾಗಿಲಲ್ಲಿ ನಿಂತು ನಾನು ತಲೆಯೆತ್ತಿ ಚೊಂಬಿನಿಂದ ನೀರು ಕುಡಿಯುತ್ತಿದ್ದೆ. ಕೆಳಗೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಅತ್ತೆ ಕೈ ನಿಲ್ಲಿಸಿದರು.

"ಸುಮಾ, ನಿನ್ನ ಶಿವದಾರ ಒಂದ್ ಕಡೆ ಮ್ಯಾಲ ಎದ್ದೈತಿ ನೋಡು."

ಶಿವದಾರವೆಂದರೆ ನಾವು ಲಿಂಗಾಯತರು ಇಷ್ಟಲಿಂಗವನ್ನು ಕೊರಳಿಗೆ ಕಟ್ಟಿಕೊಳ್ಳುವ ದಾರ. ನಾನು ಅದನ್ನು ಎಳೆದು ಸರಿಮಾಡಿಕೊಂಡೆ. ಮತ್ತೆ ಗುಟುಕು ನುಂಗಿದಾಗ ಅದು ಮತ್ತೆ ಎದ್ದಿತು. ಅತ್ತೆ ಎದ್ದು ಬಂದು ಒದ್ದೆ ಬೆರಳಿನಿಂದ ನನ್ನ ಗಂಟಲು ಒತ್ತಿ ನೋಡಿದರು. ಹೋಗಿ ಮತ್ತೆ ಸೊಪ್ಪು ಬಿಡಿಸತೊಡಗಿದರು. ನನಗೆ 7.52ರ ಲೋಕಲ್ ರೈಲು ಹಿಡಿಯುವ ಗಡಿಬಿಡಿ, ಓಡಿದೆ.

ಆ ಗಡಿಬಿಡಿಯ ಬಗ್ಗೆ ಸ್ವಲ್ಪ ಹೇಳಬೇಕು. ನನ್ನ ತವರು ಗದಗ. ಮದುವೆಯಾಗಿ ಡೊಂಬಿವಲಿಗೆ ಬಂದು ಹದಿನೆಂಟು ವರ್ಷವಾಗಿತ್ತು. ಗಂಡ ಬಸವರಾಜ ಇಲ್ಲಿಯದೇ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಮಗಳು ಪಲ್ಲವಿ ಹತ್ತನೇ ತರಗತಿ. ನಾನು ವಾಶಿಯ ಒಂದು ಸಾಗಣೆ ಕಂಪನಿಯ ಆಫೀಸಿಗೆ ಠಾಣೆಯಲ್ಲಿ ಗಾಡಿ ಬದಲಿಸಿ ಹೋಗಿಬರುತ್ತಿದ್ದೆ. ಬೆಳಿಗ್ಗೆ ಆರಕ್ಕೆ ನೀರು ಬಿಟ್ಟು ಆರೂವರೆಗೆ ನಿಲ್ಲಿಸುತ್ತಿದ್ದರು. ಅಷ್ಟರಲ್ಲಿ ನಾಲ್ಕು ಜನರ ಸ್ನಾನ, ಡ್ರಮ್ಮಿಗೆ ನೀರು, ಮೂರು ಡಬ್ಬಿಗೆ ಚಪಾತಿ, ಪಲ್ಯ. ಇದರ ನಡುವೆ ನನ್ನ ಲಿಂಗಪೂಜೆ. ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ವಿಭೂತಿ ಹಚ್ಚಿ, ಒಂದು ಹೂ ಏರಿಸಿ, ಕಣ್ಣು ನೆಟ್ಟು ಕೂರಬೇಕು. ನನ್ನ ಪೂಜೆ ಎರಡು ನಿಮಿಷ ಮೀರುತ್ತಿರಲಿಲ್ಲ. ಬಾಯಲ್ಲಿ ಮಂತ್ರ, ಕಿವಿ ಕುಕ್ಕರಿನ ಸೀಟಿಯ ಕಡೆ. ಎಷ್ಟೋ ದಿನ ಮಂತ್ರದ ಎಣಿಕೆ ಸೀಟಿಯ ಎಣಿಕೆಯಲ್ಲಿ ಬೆರೆತು ಅನ್ನ ಮುದ್ದೆಯಾದದ್ದುಂಟು.

ಅತ್ತೆಯ ಪೂಜೆ ಹಾಗಲ್ಲ. ಪೂರಾ ಒಂದು ತಾಸು. ಬಾಗಿಲು ಮುಚ್ಚಿಕೊಂಡು ಕೂತರೆ ಮನೆಗೆ ಬೆಂಕಿ ಬಿದ್ದರೂ ಏಳುವವರಲ್ಲ. ಅವರನ್ನು ಕಂಡು ನನಗೆ ಭಕ್ತಿಗಿಂತ ಹೊಟ್ಟೆಕಿಚ್ಚೇ ಹೆಚ್ಚಾಗುತ್ತಿತ್ತು. ಯಾರೂ ಕರೆಯದ, ಯಾವ ಸೀಟಿಯೂ ಕೂಗದ ಒಂದೇ ಒಂದು ದಿನ ಸಿಕ್ಕಿದರೆ ನಾನೂ ಕೂತು ತೋರಿಸುತ್ತೇನೆ ಎಂದು ಲೋಕಲ್ಲಿನ ಲೇಡೀಸ್ ಡಬ್ಬಿಯ ಗೆಳತಿಯರ ಮುಂದೆ ಹೇಳುತ್ತಿದ್ದೆ. ದೇವರು ಅದನ್ನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಾನೆಂದು ಗೊತ್ತಿದ್ದರೆ ಸ್ವಲ್ಪ ಎಚ್ಚರದಿಂದ ಮಾತಾಡುತ್ತಿದ್ದೆ.

ಅತ್ತೆ ಅಂದು ಸಂಜೆ ಮಗನಿಗೆ ಹೇಳಿ, ಮರುದಿನ ನನ್ನನ್ನು ಡಾಕ್ಟರ ಬಳಿ ಕಳಿಸಿಯೇ ಬಿಟ್ಟರು. ಅಲ್ಲಿಂದ ಸೋನೋಗ್ರಫಿ, ಅಲ್ಲಿಂದ ಗಂಟಿಗೆ ಸೂಜಿ ಚುಚ್ಚಿ ತೆಗೆದ ಪರೀಕ್ಷೆ. ವರದಿ ಓದಿಸಲು ಠಾಣೆಯ ಒಬ್ಬ ಸರ್ಜನ್ ಡಾಕ್ಟರರ ಹತ್ತಿರ ಹೋದೆವು. ಅವರ ಕ್ಲಿನಿಕ್ಕಿನ ಹೊರಗಡೆ ಒಂದು ಮೀನಿನ ತೊಟ್ಟಿ. ಎದುರು ಎಂಟು ಕುರ್ಚಿ, ಹದಿನಾರು ಜನ. ನನ್ನ ಗಂಡ ಇಡೀ ಒಂದು ತಾಸು ಗೋಡೆಯ ಮೇಲೆ ಬರೆದಿದ್ದ 'ಚಪ್ಪಲಿ ಹೊರಗೆ ಬಿಡಿ' ಎಂಬ ಮರಾಠಿ ಫಲಕವನ್ನೇ ಓದುತ್ತಿದ್ದರು. ನಾನು ಮೀನು ನೋಡುತ್ತಿದ್ದೆ. ಒಂದು ಕಿತ್ತಳೆ ಬಣ್ಣದ ಮೀನು ಗಾಜಿನ ಮೂಲೆಗೆ ಬಂದು ತಿರುಗಿ, ಮತ್ತೆ ಅದೇ ಮೂಲೆಗೆ ಬರುತ್ತಿತ್ತು. ಅದಕ್ಕೂ ವರದಿ ಬರಬೇಕಾಗಿದೆಯೇನೋ ಅನಿಸಿತು.

ಒಳಗೆ ಡಾಕ್ಟರು ಬಹಳ ಸೌಮ್ಯವಾಗಿ, ಇದು ಥೈರಾಯ್ಡ್ ಕ್ಯಾನ್ಸರ್, ಆದರೆ ಕ್ಯಾನ್ಸರ್‌ಗಳಲ್ಲೆಲ್ಲ ಒಳ್ಳೆಯದು ಎಂದರು. ಒಳ್ಳೆಯ ಕ್ಯಾನ್ಸರ್ ಎಂದರೆ ಏನು ಅರ್ಥವೋ! ಒಳ್ಳೆಯ ಮನೆತನದ್ದು ಎಂದ ಹಾಗೆ ಕೇಳಿಸಿತು. ಆಪರೇಷನ್ ಮಾಡಿ ಗ್ರಂಥಿ ತೆಗೆಯುವುದು, ಆಮೇಲೆ ಅಯೋಡಿನ್ ಔಷಧ, ಆಮೇಲೆ ಜೀವನಪೂರ್ತಿ ಒಂದು ಗುಳಿಗೆ. ನಾನು ತಲೆಯಾಡಿಸಿದೆ. ಹೊರಗೆ ಬಂದೆವು. ಠಾಣೆ ಸ್ಟೇಷನ್ನಿನ ಸೇತುವೆಯ ಮೆಟ್ಟಿಲ ಬಳಿ ಗಂಡ ನನ್ನ ಹೆಗಲಿನ ಚೀಲ ಇಸಿದುಕೊಂಡು ತಾವು ಹಾಕಿಕೊಂಡರು. ಹದಿನೆಂಟು ವರ್ಷದಲ್ಲಿ ಇವರು ನನ್ನ ಚೀಲ ಹೊತ್ತದ್ದು ಅದೇ ಮೊದಲು. ಹೂವಿನ ಚಿತ್ರವಿದ್ದ ಆ ಚೀಲ ತಗಲಿಸಿಕೊಂಡು ಅವರು ಜನರ ನಡುವೆ ಮೆಟ್ಟಿಲು ಹತ್ತುವುದನ್ನು ನೋಡಿದಾಗಲೇ ನನಗೆ ನಿಜವಾಗಿ ಭಯವಾದದ್ದು.

ಮನೆಯಲ್ಲಿ ಪಲ್ಲವಿಗೆ ಕನ್ನಡದಲ್ಲಿ ಹೇಳಿದೆ. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಯಾವಾಗಲೂ ಮರಾಠಿ. "ಮಮ್ಮೀ, ತೂ ಬರೀ ಹೋಶೀಲ್ ನಾ?" ಎಂದು ಕೇಳಿದಳು. ವಾಸಿಯಾಗುತ್ತೀಯಲ್ಲವಾ ಎಂಬ ಪ್ರಶ್ನೆಗೆ ಹೌದು ಎಂದೆ. ಅವಳು ಪುಸ್ತಕ ಎತ್ತಿಕೊಂಡು ನನ್ನ ಬೆನ್ನಿಗೆ ಬೆನ್ನು ತಾಗಿಸಿ ಕೂತು ಓದತೊಡಗಿದಳು. ಅತ್ತೆ ಎದ್ದು ಕೈಕಾಲು ತೊಳೆದುಕೊಂಡು, ಬೆಳಿಗ್ಗೆಯೇ ಮುಗಿಸಿದ್ದ ಪೂಜೆಗೆ ಇನ್ನೊಮ್ಮೆ ಕೂತರು.

ಆಪರೇಷನ್ ನವಿ ಮುಂಬಯಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಡಿಸೆಂಬರಿನ ಕೊನೆಗೆ ನಿಗದಿಯಾಯಿತು. ಬೆಳಿಗ್ಗೆ ಹಸಿರು ಅಂಗಿ ತೊಡಿಸಿದ ನರ್ಸ್, ಕೊರಳಲ್ಲಿ, ಮೂಗಿನಲ್ಲಿ, ಕೈಯಲ್ಲಿ ಏನೂ ಇರಕೂಡದು ಎಂದಳು. ತಾಳಿ ತೆಗೆದು ಅತ್ತೆಯ ಕೈಗೆ ಕೊಟ್ಟೆ, ಮೂಗುಬೊಟ್ಟು ಕೊಟ್ಟೆ. ಲಿಂಗ ತೆಗೆಯಲು ಕೈ ಏಳಲಿಲ್ಲ. ಆರನೇ ವಯಸ್ಸಿನಲ್ಲಿ ದೀಕ್ಷೆಯಾದಾಗ ಕಟ್ಟಿದ್ದು. ಹೆರಿಗೆಯಲ್ಲಿ ಕೂಡ ಮೈಮೇಲೇ ಇತ್ತು. ಲಿಂಗ ಅಂಗವನ್ನು ಬಿಟ್ಟು ಇರಬಾರದು ಎಂದು ಕಲಿತವಳು ನಾನು. ತೋಳಿಗಾದರೂ ಕಟ್ಟಿ ಎಂದು ಕೇಳಿಕೊಂಡೆ. ನರ್ಸ್ ಒಳ್ಳೆಯವಳು, ಒಳಗೆ ಹೋಗಿ ಕೇಳಿಯೂ ಬಂದಳು, ಆಗುವುದಿಲ್ಲ ಎಂದಳು.

ಅತ್ತೆ ಕೈ ಚಾಚಲಿಲ್ಲ. ಅವರ ಕೊರಳಲ್ಲಿ ಅವರದೇ ಲಿಂಗವಿತ್ತು, ಇನ್ನೊಂದನ್ನು ಹೇಗೆ ಧರಿಸುವುದು ಎಂಬ ಧರ್ಮಸಂಕಟ ಅವರ ಮುಖದಲ್ಲಿ ಕಾಣುತ್ತಿತ್ತು. ಆಗ ಇವರು ಮುಂದೆ ಬಂದರು.

"ಇಲ್ಲಿ ಕೊಡು. ನನ್ನ ಕೈಯಾಗ ಇರ್ಲಿ."

ಇವರು ದೇವರ ಕಡೆ ಅಷ್ಟಾಗಿ ತಲೆಹಾಕಿದವರಲ್ಲ. ತಮ್ಮ ಲಿಂಗವನ್ನು ಕಾಲೇಜಿಗೆ ಸೇರಿದಾಗ ಬಿಚ್ಚಿಟ್ಟವರು ಮತ್ತೆ ಕಟ್ಟಿರಲಿಲ್ಲ. ಅತ್ತೆಗೆ ಅದೊಂದು ಆರದ ನೋವಾಗಿತ್ತು. ಅಂಥವರು ಎಡಗೈ ಚಾಚಿದರು. ನಾನು ಲಿಂಗಕ್ಕೆ ಸುತ್ತಿದ್ದ ವಸ್ತ್ರ ಬಿಚ್ಚಿ ಅದನ್ನು ಅವರ ಅಂಗೈಯಲ್ಲಿ ಇಟ್ಟೆ.

ಮುಂದಿನ ನಾಲ್ಕು ತಾಸಿನ ಕಥೆ ನನಗೆ ಅತ್ತೆ ಹೇಳಿದ್ದು. ಕೆಳಗಿಡಬಾರದು ಎಂದಷ್ಟೇ ಇವರಿಗೆ ಗೊತ್ತು. ಹಾಗಾಗಿ ನಾಲ್ಕು ತಾಸೂ ಎಡಗೈಯನ್ನು ಎದೆಯ ಮಟ್ಟಕ್ಕೆ, ಅದರ ಕೆಳಗೆ ಬಲಗೈ ಆಸರೆ ಕೊಟ್ಟು, ಹಿಡಿದುಕೊಂಡೇ ಕೂತಿದ್ದರಂತೆ. ಎಡಜೇಬಿನಲ್ಲಿ ಫೋನ್ ಬಡಿದುಕೊಂಡರೆ ಪಲ್ಲವಿ ತೆಗೆದು ಕಿವಿಗೆ ಹಿಡಿಯಬೇಕು. ಊಟದ ಡಬ್ಬಿ ತೆರೆದಾಗ ಅತ್ತೆಯೇ ನಲವತ್ತಾರು ವರ್ಷದ ಮಗನಿಗೆ ತುತ್ತು ಮಾಡಿ ಉಣಿಸಿದರು. ಪಕ್ಕದಲ್ಲಿ ಕೂತಿದ್ದ ಮರಾಠಿ ಅಜ್ಜನೊಬ್ಬರು ಕೈಗೆ ಏನಾಗಿದೆ ಎಂದು ಕೇಳಿದರಂತೆ. ಇವರು ಸ್ವಲ್ಪ ಯೋಚಿಸಿ, "ಬಾಯ್ಕೋಚಾ ದೇವ ಆಹೆ," ಅಂದರಂತೆ. ಹೆಂಡತಿಯ ದೇವರು. ಆ ಅಜ್ಜ ನಗಲಿಲ್ಲವಂತೆ, ಇವರ ಕೈ ನೋಯಬಾರದೆಂದು ತಮ್ಮ ಜೊತೆಯಿದ್ದ ದಿಂಬನ್ನು ಮೊಣಕೈ ಕೆಳಗೆ ಇಟ್ಟುಕೊಟ್ಟರಂತೆ.

ಆಪರೇಷನ್ ಚೆನ್ನಾಗಿ ಆಯಿತು. ದನಿ ಮಾತ್ರ ಒಡೆದುಹೋಗಿ ಮೀಸೆ ಮೂಡುತ್ತಿರುವ ಹುಡುಗನ ದನಿಯಂತಾಯಿತು. ಮನೆಗೆ ಬಂದಮೇಲೆ ಫೋನೆತ್ತಿದರೆ ಜನ, "ಯಾರ್ರೀ, ಬಸವರಾಜ ಅವರಾ?" ಎಂದು ಕೇಳುತ್ತಿದ್ದರು. ಹೊಲಿಗೆ ವಾಸಿಯಾದರೂ ಶಿವದಾರ ತಾಗಿದರೆ ಉರಿಯುತ್ತಿತ್ತು. ಅತ್ತೆ ತಮ್ಮ ಹಳೆಯ ಮೆತ್ತನೆ ಇಳಕಲ್ ಸೀರೆಯ ಅಂಚು ಹರಿದು ಹೊಸ ದಾರ ಹೊಸೆದುಕೊಟ್ಟರು.

ಆಮೇಲಿನ ಐದು ವಾರ ವಿಚಿತ್ರವಾಗಿದ್ದವು. ಅಯೋಡಿನ್ ಔಷಧ ಕೆಲಸ ಮಾಡಬೇಕಾದರೆ ಮೈಯಲ್ಲಿ ಥೈರಾಯ್ಡ್ ಅಂಶ ಇರಬಾರದಂತೆ, ಅದಕ್ಕೆ ಗುಳಿಗೆ ಕೊಡುವುದಿಲ್ಲ. ದಿನದಿನಕ್ಕೆ ನಾನು ನಿಧಾನವಾದೆ. ಮುಖ ಊದಿತು, ಚಳಿಯೇ ಇಲ್ಲದ ಡೊಂಬಿವಲಿಯಲ್ಲಿ ಸ್ವೆಟರ್ ಹಾಕಿಕೊಂಡು ಕೂತೆ. ಫ್ರಿಜ್ಜಿನ ಬಾಗಿಲು ತೆರೆದು ಯಾಕೆ ತೆರೆದೆ ಎಂದು ನೆನಪಾಗದೆ ನಿಂತೆ. ಹಾಲು, ಮೊಸರು, ಅಂಗಡಿಯ ಪಾಕೀಟು ಉಪ್ಪು ಎಲ್ಲ ಬಂದ್. ಅಯೋಡಿನ್ ಹಾಕದ ಉಪ್ಪಿಗಾಗಿ ಅತ್ತೆ ಪಕ್ಕದೂರು ಕಲ್ಯಾಣದ ಹಳೇ ಪೇಟೆಯನ್ನೆಲ್ಲ ಸುತ್ತಿ, ಡಾಕ್ಟರ ಹತ್ತಿರ ತೋರಿಸಿ, ಹೌದೆನ್ನಿಸಿಕೊಂಡು ತಂದರು. ಕೆಲಸಕ್ಕೆ ರಜೆ, ಅಡುಗೆ ಅತ್ತೆಯದು. ಅಂದರೆ ನಾನು ಬಯಸುತ್ತಿದ್ದ ಬಿಡುವು ಸಿಕ್ಕಿತ್ತು. ಲಿಂಗ ಹಿಡಿದು ಕೂತರೆ ಐದೇ ನಿಮಿಷಕ್ಕೆ ತೂಕಡಿಕೆ. ಒಂದು ಸಲ ಗೊರಕೆಯನ್ನೇ ಹೊಡೆದೆನಂತೆ, ಪಲ್ಲವಿ ರೆಕಾರ್ಡ್ ಮಾಡಿಕೊಂಡು ಮನೆಮಂದಿಗೆಲ್ಲ ಕೇಳಿಸಿದಳು.

ಫೆಬ್ರವರಿಯಲ್ಲಿ ಔಷಧದ ದಿನ ಬಂತು. ಅದನ್ನು ನುಂಗಿದಮೇಲೆ ಮೂರು ದಿನ ನಮ್ಮ ಮೈಯಿಂದಲೇ ವಿಕಿರಣ ಹೊರಡುತ್ತದೆ, ಹತ್ತಿರ ಯಾರೂ ಬರಕೂಡದು. ಆ ವಾರ್ಡಿನ ಟೆಕ್ನಿಷಿಯನ್ ಸಾವಂತ್ ಎಂಬವರು, ಐವತ್ತು ದಾಟಿದ ಶಾಂತ ಮನುಷ್ಯ, ನಮ್ಮನ್ನು ಕೂರಿಸಿಕೊಂಡು ಎಲ್ಲ ತಿಳಿಸಿ ಹೇಳಿದರು. ಒಳಗೆ ಒಯ್ಯುವ ಬಟ್ಟೆ, ಪುಸ್ತಕ, ಏನೇ ಇರಲಿ, ಬೆವರು, ಎಂಜಲು ತಾಗಿದರೆ ಅದಕ್ಕೂ ಔಷಧ ಅಂಟುತ್ತದೆ. ಹೊರಡುವಾಗ ವಿಕಿರಣ ಅಳೆಯುವ ಮೀಟರ್ ಹಿಡಿದು ನೋಡುತ್ತಾರೆ. ಅಂಟಿದ್ದರೆ ಆ ವಸ್ತು ಅಲ್ಲೇ ಸೀಸದ ಕಪಾಟಿನಲ್ಲಿ ಎರಡೂವರೆ ತಿಂಗಳು ಉಳಿಯಬೇಕು.

ನಾನು ಕೊರಳು ಮುಟ್ಟಿಕೊಂಡೆ. ಸಾವಂತ್ ಅರ್ಥಮಾಡಿಕೊಂಡರು. ಒಂದು ಪ್ಲಾಸ್ಟಿಕ್ ಚೀಲ, ಒಂದು ಕಟ್ಟು ಕೈಗವಸು ತಂದಿಟ್ಟು, ತಾಯೀ, ಗವಸು ಹಾಕಿಕೊಂಡೇ ಮುಟ್ಟಿ, ಉಳಿದ ಹೊತ್ತು ಚೀಲದಲ್ಲಿರಲಿ, ಬಹುಶಃ ಏನೂ ಆಗಲಿಕ್ಕಿಲ್ಲ ಎಂದರು. ಅತ್ತೆಯ ಮುಖ ನೋಡಿದೆ. "ಒಯ್ಯಿ. ಮೂರ್ ದಿನ ಬಿಟ್ಟಿರೋದು ಬ್ಯಾಡ," ಎಂದರು.

ಸುಳ್ಳೇಕೆ ಹೇಳಲಿ, ಆ ಕೋಣೆಗೆ ಹೋಗುವಾಗ ನನಗೆ ಒಳಗೊಳಗೇ ಖುಷಿಯಿತ್ತು. ಮೂರು ದಿನ ಏಕಾಂತ! ಊಟ ಬಾಗಿಲ ಬಳಿ ಇಟ್ಟುಹೋಗುತ್ತಾರೆ, ನೀರು ಕುಡಿಯುತ್ತ ಇರಬೇಕು, ನಿಂಬೆಹುಳಿಯ ಪೆಪ್ಪರ್‌ಮಿಂಟ್ ಚೀಪುತ್ತ ಇರಬೇಕು, ಅಷ್ಟೇ ಕೆಲಸ. ತ್ರಿಕಾಲ ಪೂಜೆಯ ಯೋಜನೆ ಹಾಕಿದೆ. ಸಾವಂತ್ ಸೀಸದ ಪುಟ್ಟ ಡಬ್ಬಿಯಿಂದ ಇಕ್ಕಳದಲ್ಲಿ ಔಷಧದ ಗುಳಿಗೆ ತೆಗೆದುಕೊಟ್ಟರು. ನುಂಗಿದೆ. ಅವರು ದೂರ ಸರಿದು ಕೈಮುಗಿದು ಬಾಗಿಲು ಹಾಕಿಕೊಂಡರು. ಆಹಾ ಎಂದು ಮಂಚದ ಮೇಲೆ ಚಕ್ಕಳಮಕ್ಕಳ ಕೂತೆ.

ಆಗ ಟೀವಿ ಹಾಕಿದ ಸದ್ದು ಕೇಳಿತು.

ಕೋಣೆಯ ನಡುವೆ ಸೀಸದ ಅಡ್ಡಗೋಡೆ, ಅದರ ಆಚೆ ಇನ್ನೊಂದು ಮಂಚ, ಅಲ್ಲಿ ಇನ್ನೊಬ್ಬ ರೋಗಿ. ಮುಖ ಕಾಣದು, ಮಾತು ಪೂರ್ತಿ ಕೇಳುತ್ತದೆ. ಉಲ್ಹಾಸನಗರದ ಕಮಲಾಬಾಯಿ, ಸಿಂಧಿ ಹೆಂಗಸು, ಅರವತ್ತು ದಾಟಿದವರು, ಹಪ್ಪಳ ಮಸಾಲೆಯ ಅಂಗಡಿ. ಮೊದಲ ಒಂದು ತಾಸಿನಲ್ಲಿ ನನ್ನ ಊರು, ಗಂಡ, ಮಗಳು, ಆಫೀಸು ಎಲ್ಲ ವಿಚಾರಿಸಿಕೊಂಡರು. ಆಮೇಲೆ ಒಂದಾದಮೇಲೊಂದು ಸೀರಿಯಲ್. ಸೀರಿಯಲ್ಲಿನ ಸೊಸೆಗೆ ಅತ್ತೆ ಬಯ್ದರೆ ಕಮಲಾಬಾಯಿ ಆ ಅತ್ತೆಗೆ ಬಯ್ಯುತ್ತಿದ್ದರು. ನಾನು ಗವಸು ಹಾಕಿ ಲಿಂಗ ಹಿಡಿದೆ. ರಬ್ಬರಿನ ಮೇಲೆ ಅದರ ತಂಪೂ ತಿಳಿಯಲಿಲ್ಲ, ಭಾರವೂ ತಿಳಿಯಲಿಲ್ಲ. ಯಾರದೋ ಸಾಮಾನು ಹಿಡಿದುಕೊಂಡ ಹಾಗಿತ್ತು. ಹದಿನೆಂಟು ವರ್ಷ ಕಾದ ಏಕಾಂತದಲ್ಲಿ ಸಿಟ್ಟು ಬಿಟ್ಟು ಮತ್ತೇನೂ ಹುಟ್ಟಲಿಲ್ಲ.

ಎರಡನೇ ದಿನ ಮಧ್ಯಾಹ್ನ ಟೀವಿ ನಿಂತಿತು, ಕೇಬಲ್ ಹೋಗಿತ್ತಂತೆ. ಕೋಣೆ ಸ್ತಬ್ಧವಾಯಿತು. ಇದೇ ಸಮಯ ಎಂದು ಸ್ನಾನ ಮಾಡಿಬಂದೆ. ಇವತ್ತೊಂದು ಸಲ, ಬರೀ ಐದು ನಿಮಿಷ ಎಂದು ನನಗೆ ನಾನೇ ಹೇಳಿಕೊಂಡು ಗವಸು ಕಳಚಿ ಬರಿಗೈಯಲ್ಲಿ ಲಿಂಗ ತೆಗೆದುಕೊಂಡೆ. ತಪ್ಪು ನನ್ನದೇ, ಯಾರೂ ಹೇಳಿಕೊಟ್ಟದ್ದಲ್ಲ. ಅಂಗೈಗೆ ಆ ತಂಪು ತಾಗಿದ್ದೇ ಜೀವ ಬಂದಂತಾಯಿತು. ಕಣ್ಣು ನಿಂತಿತು, ಉಸಿರು ನಿಧಾನವಾಯಿತು.

ಗೋಡೆಯಾಚೆ ಯಾರೋ ಬಿಕ್ಕುವ ಸದ್ದು.

ಮೊದಲು ಕೇಳಿಸದಂತೆ ಇದ್ದೆ. ನಿಲ್ಲಲಿಲ್ಲ. ಪೂಜೆಯ ನಡುವೆ ಮಾತಾಡಬಾರದು, ಅತ್ತೆಯಂತೂ ಬೆಂಕಿ ಬಿದ್ದರೂ ಏಳುವವರಲ್ಲ. ನಾನು ಗಟ್ಟಿಯಾಗಿ ಕೂತೆ. ಆಗ ಕಮಲಾಬಾಯಿಯ ಆ ದೊಡ್ಡ ದನಿ ಮಗುವಿನ ದನಿಯಷ್ಟು ಸಣ್ಣದಾಗಿ ಬಂತು.

"ಬೇಟೀ, ಕುಛ್ ತೋ ಬೋಲ್."

ಏನಾದರೂ ಮಾತಾಡು ಮಗಳೇ ಎಂದು ಅವರು ಎರಡನೇ ಸಲ ಕೇಳಿದಾಗ ನಾನು ನನ್ನ ಒಡಕು ದನಿಯಲ್ಲಿ, ಇಲ್ಲಿದ್ದೇನೆ ಆಂಟಿ, ಏನಾಯಿತು ಎಂದೆ. ರೋಗದ ಹೆದರಿಕೆಯಲ್ಲ ಎಂದರು. ಹುಟ್ಟಿದ್ದು ದೇಶ ಒಡೆದಾಗ ಬಂದ ನಿರಾಶ್ರಿತರ ಬ್ಯಾರಕ್ಕಿನಲ್ಲಂತೆ. ಒಂದೇ ಸೂರಿನ ಕೆಳಗೆ ಆರು ಮನೆ, ನಡುವೆ ಗೋಣಿ ಪರದೆ. ಮದುವೆಯಾಗಿ ಹೋದದ್ದು ಹನ್ನೊಂದು ಜನರ ಮನೆಗೆ, ಆಮೇಲೆ ಅಂಗಡಿ, ಗಿರಾಕಿಗಳು. ಜೀವನದಲ್ಲಿ ಒಂದು ದಿನವೂ ಒಬ್ಬರೇ ಕೂತವರಲ್ಲ. ಈ ನಿಶ್ಶಬ್ದ ಕೇಳಿದರೆ ಸತ್ತೇಹೋದೆನೇನೋ ಅನಿಸುತ್ತದೆ, ಅದಕ್ಕೇ ಟೀವಿ ಎಂದರು.

ನಾನು ಯಾವುದಕ್ಕೆ ಹಂಬಲಿಸುತ್ತಿದ್ದೆನೋ ಅದಕ್ಕೇ ಅವರು ಹೆದರಿ ಅಳುತ್ತಿದ್ದರು. ನಾನು ಮಾತಾಡುತ್ತ ಹೋದೆ. ಲಿಂಗ ಅಂಗೈಯಲ್ಲೇ ಇತ್ತು. ನಮ್ಮ ನೀರಿನ ಗದ್ದಲ, ಕುಕ್ಕರಿನ ಸೀಟಿ, ನನ್ನ ಗಂಡಸಿನ ದನಿ, ಪೂಜೆಯ ಗೊರಕೆ ಎಲ್ಲ ಹೇಳಿದೆ. ನಾಲ್ಕು ತಾಸು ಕೈ ಎತ್ತಿ ಹಿಡಿದ ಗಂಡನ ಕಥೆ ಹೇಳಿದಾಗ ಕಮಲಾಬಾಯಿ ಕೆಮ್ಮು ಬರುವಷ್ಟು ನಕ್ಕರು. ಹೇಳುತ್ತ ಹೇಳುತ್ತ ನನಗೇ ಗೊತ್ತಿಲ್ಲದೆ ಅಳು ಬಂತು. ಆಪರೇಷನ್ನಿಗೆ ಮೊದಲು, ಆಮೇಲೆ, ನಾನು ಒಮ್ಮೆಯೂ ಅತ್ತಿರಲಿಲ್ಲ. ಅವರು ನಕ್ಕು ಸುಸ್ತಾಗುವಷ್ಟರಲ್ಲಿ ನಾನು ಅಳುತ್ತಿದ್ದೆ, ಈಗ ಅವರು ನನ್ನನ್ನು ಸಮಾಧಾನ ಮಾಡಿದರು.

ಸುಮ್ಮನೆ ಕೂತಾಗ ನೀನು ಏನು ಮಾಡುತ್ತೀ ಎಂದು ಕೇಳಿದರು. ಅಂಗೈ ನೋಡುತ್ತೇನೆ ಎಂದೆ. ಏನು ಕಾಣುತ್ತದೆ? ಇಷ್ಟು ವರ್ಷ ಕುಕ್ಕರ್ ಕಂಡಿದೆ ಆಂಟಿ, ಇವತ್ತು ಏನೂ ಕಾಣಲಿಲ್ಲ, ನಿಮ್ಮ ಮಾತು ಕೇಳುತ್ತಿದ್ದೆ ಎಂದೆ. ಹಾಗಾದರೆ ನಾನೂ ನನ್ನ ಅಂಗೈ ನೋಡುತ್ತೇನೆ, ನೀನು ಅಲ್ಲೇ ಇರು ಎಂದರು. ಸ್ವಲ್ಪ ಹೊತ್ತಿಗೆ, ಇನ್ನೂ ಕರಿಮೆಣಸಿನ ವಾಸನೆ ಹೋಗಿಲ್ಲ ಎಂದರು. ಆಮೇಲೆ ಇಬ್ಬರೂ ಮಾತಾಡಲಿಲ್ಲ. ಎಷ್ಟು ಹೊತ್ತೋ ಗೊತ್ತಿಲ್ಲ. ಸಂಜೆಯ ಚಹಾದ ಗಾಡಿ ಬಾಗಿಲು ತಟ್ಟಿದಾಗ ಅವರ ಟೀವಿ ತಾನಾಗಿ ಮಾತಾಡತೊಡಗಿತ್ತು, ಅವರೇ ಅದನ್ನು ಆರಿಸಿದರು.

ನಾಲ್ಕನೇ ದಿನ ಬೆಳಿಗ್ಗೆ ಸಾವಂತ್ ಮೀಟರ್ ಹಿಡಿದು ಬಂದರು. ನಾನು ಪಾಸು. ಚಪ್ಪಲಿ ಪಾಸು. ಲಿಂಗದ ಹತ್ತಿರ ಮೀಟರ್ ಕರಕರ ಎಂದಿತು. ತೊಳೆದರು, ಒರೆಸಿದರು, ಮತ್ತೆ ಹಿಡಿದರು. ಸದ್ದು ಕಡಿಮೆಯಾಯಿತು, ನಿಲ್ಲಲಿಲ್ಲ. ಗವಸು ಹಾಕಿರಲಿಲ್ಲವಾ ಎಂದು ಬೈಯದೆ ಕೇಳಿದರು. ನಾನು ನಡೆದದ್ದು ಹೇಳಿದೆ. ಕಣ್ಣೀರು ಬಿತ್ತಾ ಎಂದರು. ಬಿದ್ದಿರಬೇಕು ಎಂದೆ. ಕಣ್ಣೀರಿನಲ್ಲೂ ಔಷಧ ಬರುತ್ತದೆ ತಾಯೀ ಎಂದರು.

ಎರಡೂವರೆ ತಿಂಗಳು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಕ್ಯಾನ್ಸರ್ ಎಂದಾಗಲೂ ನಾನು ಹಾಗೆ ನಿಂತುಬಿಟ್ಟಿರಲಿಲ್ಲ. ಸಾವಂತ್ ಒಂದು ಡಬ್ಬಿ ತಂದರು. ಒಳಗೆ ಹತ್ತಿ ಹಾಸಿದರು. ಆಮೇಲೆ ಕೈ ನಿಲ್ಲಿಸಿ, ಇದರ ಯಾವ ಮಗ್ಗುಲು ಮೇಲೆ ಬರಬೇಕು ಎಂದು ನನ್ನನ್ನು ಕೇಳಿದರು. ನಾನು ತೋರಿಸಿದೆ. ಹಾಗೇ ಇಟ್ಟರು. ಚೀಟಿಯ ಮೇಲೆ ನನ್ನ ಹೆಸರು ಬರೆದು, ವಸ್ತುವಿನ ಹೆಸರು ಬರೆಯುವಲ್ಲಿ ಮರಾಠಿಯಲ್ಲಿ 'ದೇವ' ಎಂದು ಬರೆದರು. ಬೇರೆಯವರ ಸಾಮಾನಿನ ಜೊತೆ ಬೇಡ, ಮೇಲಿನ ಗೂಡಿನಲ್ಲಿ ಬೇರೆಯಾಗಿ ಇಡುತ್ತೇನೆ ಎಂದರು. ಕಾಯಿಲೆಯ ಆ ದಿನಗಳಲ್ಲಿ ನನಗೆ ಸಿಕ್ಕ ದೊಡ್ಡ ಕರುಣೆಗಳಲ್ಲಿ ಆ ಪ್ರಶ್ನೆ ಒಂದು.

ಮನೆಗೆ ಮರಳುವಾಗ ಗಂಡ ಟ್ಯಾಕ್ಸಿಯಲ್ಲಿ ಮುಂದೆ, ನಾನು ಹಿಂದಿನ ಮೂಲೆಯಲ್ಲಿ. ಇನ್ನೊಂದು ವಾರ ಎಲ್ಲರಿಂದ ದೂರ ಇರಬೇಕಿತ್ತು. ಮನೆಯ ಒಳಕೋಣೆ ನನಗೆ ಬಿಟ್ಟರು. ಅತ್ತೆ ಹೊಸ್ತಿಲಾಚೆ ಕೂತು ಎಲ್ಲ ಕೇಳಿಸಿಕೊಂಡರು. ಲಿಂಗ ಮೈಮೇಲಿಲ್ಲದೆ ಊಟ ಮಾಡುವ ಹಾಗಿಲ್ಲ ಎಂಬುದು ಅವರು ಜೀವಮಾನವಿಡೀ ನಡೆಸಿಕೊಂಡು ಬಂದ ನೇಮ. ನನ್ನ ತಟ್ಟೆ ಹೊಸ್ತಿಲ ಮೇಲೆ ಆರುತ್ತಿತ್ತು. ಅವರೂ ಉಂಡಿರಲಿಲ್ಲ. ಊರಿನ ಮಠದ ಅಯ್ಯನವರಿಗೆ ಫೋನ್ ಮಾಡಿಸಿದರು. ಅಯ್ಯನವರು, ಚಿಂತೆ ಬೇಡ, ಬೇರೆ ಲಿಂಗ ಕೊಡೋಣ, ಮಗಳು ಗುಣವಾದಮೇಲೆ ಕರೆತನ್ನಿ ಎಂದರು. ಅತ್ತೆ ಫೋನಿಟ್ಟು ಮತ್ತೆ ಹೊಸ್ತಿಲ ಬಳಿ ಬಂದು ಕೂತರು.

"ಆರು ವರ್ಷದಾಕಿ ಇದ್ದಾಗಿಂದ ಇದ್ದದ್ದು, ಬಿಟ್ಟು ಬ್ಯಾರೇದು ಯಾಕ? ಅದು ಅಲ್ಲೇ ಇರ್ಲಿ," ಎಂದರು. "ನಿನ್ನ ಅಂಗೈ ಅಂತೂ ಇಲ್ಲೇ ಐತೆಲ್ಲ. ದಿನಾ ಕೂಡು. ಬರೇ ಅಂಗೈ ನೋಡು. ನನ್ನ ಗುರುಗಳು ಹೇಳತಿದ್ರು, ಲಿಂಗ ಮೂರು, ಕೈಯಾಗಿಂದು ಒಂದು, ಉಸಿರಿನಾಗಿಂದು ಒಂದು, ಭಾವದಾಗಿಂದು ಒಂದು ಅಂತ. ಅರವತ್ತು ವರ್ಷ ಪೂಜಿ ಮಾಡಿ ನಾ ಇನ್ನೂ ಕೈಯಾಗಿಂದ್ರಾಗ ಅದೀನಿ. ನೀ ಒಂದ್ ಹೆಜ್ಜಿ ಮುಂದ ಹೋಗಿ ನೋಡು. ಈಗ ಉಣ್ಣು."

ನಾನು ತಟ್ಟೆ ಎಳೆದುಕೊಂಡ ಮೇಲೆ ಅವರೂ ಎದ್ದುಹೋಗಿ ಬಡಿಸಿಕೊಂಡರು. ಹದಿನೆಂಟು ವರ್ಷ ನನ್ನ ಎರಡು ನಿಮಿಷದ ಪೂಜೆಯನ್ನು ಅವರು ಒಳಗೇ ಹೀಯಾಳಿಸುತ್ತಿದ್ದಾರೆಂದು ನಾನು ತಿಳಿದಿದ್ದೆ. ತಮ್ಮ ಒಂದು ತಾಸಿನ ಬಗ್ಗೆಯೂ ಅವರಿಗೆ ಅಸಮಾಧಾನವಿದೆ ಎಂಬುದು ಅಂದು ಗೊತ್ತಾಯಿತು.

ಬರಿಗೈ ಹಿಡಿದು ಕೂತೆ. ಮೊದಲ ಕೆಲವು ದಿನ ಬಹಳ ಪೆದ್ದುಪೆದ್ದಾಗಿ ಅನಿಸಿತು. ಎಡ ಅಂಗೈಯಲ್ಲಿ ಹಳೆಯ ಸುಟ್ಟ ಕಲೆ ಇದೆ, ಕಿರುಬೆರಳ ಕೆಳಗೆ ಮಚ್ಚೆ ಇದೆ, ಅದೆಲ್ಲ ನಾನು ನೋಡಿಯೇ ಇರಲಿಲ್ಲ. ಹೂವೇರಿಸುವ ಕೆಲಸವಿಲ್ಲ, ವಿಭೂತಿಯಿಲ್ಲ, ಬೇಗ ಮುಗಿಸುವುದಕ್ಕೆ ಏನೂ ಇರಲಿಲ್ಲ. ಹತ್ತನೆಯ ದಿನವೋ ಹನ್ನೊಂದನೆಯ ದಿನವೋ ಅಂಗೈಯ ನಡುವೆ ನಾಡಿ ಮಿಡಿಯುವುದು ಮೆತ್ತಗೆ ತಿಳಿಯಿತು. ಅದನ್ನೇ ಕೇಳುತ್ತ ಕೂತೆ. ಮಹಾ ಸಾಕ್ಷಾತ್ಕಾರವೇನೂ ಆಗಲಿಲ್ಲ. ಹೊರಗೆ ಕುಕ್ಕರ್ ಕೂಗಿತು, ನಾನು ಎಣಿಸಲಿಲ್ಲ, ಅಷ್ಟೇ.

ಮಾರ್ಚ್ ಕೊನೆಗೆ ಕೆಲಸಕ್ಕೆ ಹೋದೆ. ಗುಳಿಗೆ ಶುರುವಾಗಿ ಮೈಗೆ ಚುರುಕು ಬಂದಿತ್ತು. ಲೋಕಲ್ಲಿನಲ್ಲಿ ಗೆಳತಿಯರು ನನಗೆ ಕಿಟಕಿಯ ಜಾಗ ಬಿಟ್ಟುಕೊಟ್ಟರು. ಮುಂಬ್ರಾ ಸ್ಟೇಷನ್ ದಾಟುವಾಗ ಅಭ್ಯಾಸಬಲದಿಂದ ಎಡಗೈ ತೆರೆದು ತೊಡೆಯ ಮೇಲಿಟ್ಟು ಕಣ್ಣುಮುಚ್ಚಿದೆ. ತುಸು ಹೊತ್ತಿಗೆ ಅಂಗೈಯಲ್ಲಿ ಏನೋ ತಂಪಾಗಿ ಬಿತ್ತು. ಕಣ್ಣು ತೆರೆದರೆ ಮೋಸಂಬಿಯ ಒಂದು ತೊಳೆ. ಎದುರಿಗೆ ಕೂತು ಹಣ್ಣು ಸುಲಿದು ಎಲ್ಲರಿಗೂ ಹಂಚುತ್ತಿದ್ದ ಗೆಳತಿ, ನಾನು ಬೇಡಿದೆನೆಂದು ತಿಳಿದು ಇಟ್ಟಿದ್ದಳು. ಕಣ್ಣಿಗೊತ್ತಿಕೊಂಡು ತಿಂದೆ. ಅವಳಿಗೆ ನಾನು ಯಾಕೆ ಅಷ್ಟು ನಕ್ಕೆನೆಂದು ಇವತ್ತಿಗೂ ಗೊತ್ತಿಲ್ಲ.

ಏಪ್ರಿಲ್ ಕೊನೆಯ ವಾರ ತಪಾಸಣೆಗೆ ಕರೆದರು. ಇವರು ಹೊರಗೆ ಫಲಕಗಳನ್ನು ಓದುತ್ತಿದ್ದರು. ರಿಪೋರ್ಟು ಸ್ವಚ್ಛವಾಗಿತ್ತು. ಡಾಕ್ಟರು ವರ್ಷಕ್ಕೊಮ್ಮೆ ಬಂದರೆ ಸಾಕು ಎಂದರು. ಸಾವಂತ್ ಡಬ್ಬಿ ತಂದು ಮೀಟರ್ ಹಿಡಿದರು. ಮೀಟರ್ ಸುಮ್ಮನಿತ್ತು. ಇಟ್ಟ ಮಗ್ಗುಲಲ್ಲೇ ಇತ್ತು ಲಿಂಗ. ತೆಗೆದುಕೊಳ್ಳುವಾಗ, ನಾನು ಅಂದುಕೊಂಡಿದ್ದ ಹಾಗೆ, ಎಷ್ಟೋ ಕಾಲದಿಂದ ಕಳೆದುಹೋದದ್ದು ಸಿಕ್ಕಿತು ಎಂಬಂತೆ ಅನಿಸಲಿಲ್ಲ. ಮನೆಯವರು ಯಾರೋ ಪಕ್ಕದ ಕೋಣೆಯಿಂದ ಎದ್ದುಬಂದಂತೆ ಅನಿಸಿತು.

ಅದೇ ದಿನ ಕಮಲಾಬಾಯಿಯವರದ್ದೂ ತಪಾಸಣೆ. ನಾನು ಅವರನ್ನು ಗುಂಡುಗುಂಡಾದ ಎತ್ತರದ ಹೆಂಗಸೆಂದು ಕಲ್ಪಿಸಿಕೊಂಡಿದ್ದೆ. ನನ್ನ ಭುಜಕ್ಕೂ ಬಾರದ ಸಣ್ಣ ಜೀವ. ನನ್ನ ದನಿ ಕೇಳಿಯೇ ಗುರುತಿಸಿ ಓಡಿಬಂದು ಅಪ್ಪಿಕೊಂಡರು. ಅಂಗಡಿಯಲ್ಲಿ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಂಗೈ ನೋಡಿಕೊಂಡು ಕೂರುತ್ತೇನೆ, ಸೊಸೆ ನನಗೆ ಭವಿಷ್ಯ ಹೇಳಲು ಬರುತ್ತದೆಂದು ಬೀದಿಗೆಲ್ಲ ಹೇಳಿದ್ದಾಳೆ ಎಂದರು. ಎರಡು ಕಿಲೋ ಹಪ್ಪಳ ಕೊಟ್ಟರು.

ಇದನ್ನೆಲ್ಲ ಬರೆಯುವುದಕ್ಕೆ ಕಾರಣ, ಈಗಲೂ ವರ್ಷಕ್ಕೊಮ್ಮೆ ಆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಕತ್ತಿಗೆ ದುಪಟ್ಟಾ ಸುತ್ತಿಕೊಂಡ ಯಾರಾದರೂ ಹೊಸಬರು ಪಕ್ಕದಲ್ಲಿರುತ್ತಾರೆ. ಒಳಗೆ ಮೂರು ದಿನ ಹೇಗಿರುತ್ತದೆ ಎಂದು ಕೇಳುತ್ತಾರೆ. ಹುಳಿ ಪೆಪ್ಪರ್‌ಮಿಂಟ್ ಜಾಸ್ತಿ ಒಯ್ಯಿರಿ, ಗವಸು ಕಳಚಬೇಡಿ, ಗೋಡೆಯಾಚೆಯವರು ಕರೆದರೆ ಓ ಅನ್ನಿ ಎಂದು ಹೇಳುತ್ತೇನೆ. ಇದಕ್ಕಿಂತ ಹೆಚ್ಚಿನದು ನನಗೆ ಗೊತ್ತಿಲ್ಲ.

ಮನೆಯಲ್ಲಿ ಒಂದು ವ್ಯತ್ಯಾಸವಾಯಿತು. ನನ್ನ ಗುಳಿಗೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗಬೇಕು, ನುಂಗಿದಮೇಲೆ ಅರ್ಧ ತಾಸು ಚಹಾ ಕೂಡ ಕುಡಿಯಬಾರದು. ಐದು ಗಂಟೆಗೆ ಎದ್ದು ನುಂಗುತ್ತೇನೆ. ಚಹಾ ಇಲ್ಲದೆ ನಮ್ಮ ಅಡುಗೆಮನೆ ಶುರುವಾಗುವುದೇ ಇಲ್ಲ. ನೀರು ಬರಲು ಇನ್ನೂ ಹೊತ್ತಿರುತ್ತದೆ. ಡಾಕ್ಟರು ಬರೆದುಕೊಟ್ಟ ಅರ್ಧ ತಾಸು, ಯಾರೂ ತಕರಾರು ಮಾಡುವಂತಿಲ್ಲ. ಆ ಅರ್ಧ ತಾಸು ನಾನು ಕೂರುತ್ತೇನೆ. ಲಿಂಗ ಅಂಗೈಯಲ್ಲಿರುತ್ತದೆ. ಕೆಲವು ದಿನ ಮನಸ್ಸು ನಿಲ್ಲುತ್ತದೆ, ಕೆಲವು ದಿನ ಪಲ್ಲವಿಯ ಕಾಲೇಜು, ಆಫೀಸಿನ ಜಗಳ ಎಲ್ಲ ಬಂದು ಜೊತೆಗೆ ಕೂರುತ್ತವೆ. ಬರಲಿ ಎಂದು ಬಿಟ್ಟಿದ್ದೇನೆ.

ಗುಳಿಗೆ ಶುರುವಾದ ವರ್ಷದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ನಾನು ಕೂತಿದ್ದಾಗ ಇವರು ಡ್ರಮ್ಮಿನ ನೀರಿನಲ್ಲಿ ಸ್ನಾನ ಮಾಡಿ, ಒದ್ದೆ ಕೂದಲಲ್ಲಿ, ಬಾಗಿಲ ಬಳಿ ಬಂದು ನಿಂತರು. ಕೈಯಲ್ಲಿ ಏನೂ ಇರಲಿಲ್ಲ. ತಮ್ಮ ಲಿಂಗ ಬಿಚ್ಚಿಟ್ಟಿದ್ದ ಕಪಾಟು ತೆರೆದ ಸದ್ದೂ ಕೇಳಿರಲಿಲ್ಲ. ಒಳಗೆ ಬರಬೇಕೋ ಬೇಡವೋ ಎಂಬಂತೆ ಹೊಸ್ತಿಲ ಮೇಲೆ ಒಂದು ಕಾಲಿಟ್ಟು, ಆಫೀಸಿನಲ್ಲಿ ರಜೆ ಕೇಳುವವರ ದನಿಯಲ್ಲಿ ಹೇಳಿದರು.

"ಗುಳಿಗಿ ನಿನಗ ಬರದಾರ. ಅರ್ಧ ತಾಸು ನನಗೂ ಇರ್ಲಿ."

ನಾನು ಚಾಪೆಯ ಮೇಲೆ ಸರಿದು ಜಾಗ ಮಾಡಿದೆ.